ಗಂಜಿ ಹಾಕಿದ ಅಂಗಿ

ರಾತ್ರಿ ಹನ್ನೊಂದಾದರೂ ಸೂರ್‌ನ ಗಾಳಿಗೆ ಬೆವರು ಆರಿಲ್ಲ.
ನಮ್ಮ ಗಂಗೊಳ್ಳಿಯಲ್ಲಿ ಸೂರು ಅಂದರೆ ತಲೆಮೇಲಿನ ಮರೆ,
ಇಲ್ಲಿ ಅದೊಂದು ಊರು.
ಹದಿನಾರು ವರ್ಷದಿಂದ ಅದರಡಿ ನಿಂತು
ಪರರ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದೇನೆ.

ಅರ್ಧ ಶಟರ್ ಎಳೆದಾಗಿದೆ.
ಹೊರಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಐದು ಮಂದಿ,
ಕಾಗದದ ಲೋಟದಲ್ಲಿ ಕರಕ್ ಚಾ,
ಮತ್ತೆ ಅದೇ ಮಾತು: ಮುದರ್ರಿಬ್.
ಕೋಚ್ ಊರು ಬಿಟ್ಟು ಆರು ವರ್ಷ.
ಬಾಯಿಂದ ಮಾತ್ರ ಇನ್ನೂ ಇಳಿದಿಲ್ಲ.

‘ಅವ ಬಂದಾಗ ನಾವು ತಳದಲ್ಲಿದ್ದೆವು,’ ಮೀನು ಲಾರಿಯ ಮೋನಬ್ಬ ಅಂದ,
‘ಮೂರನೇ ವರ್ಷ ಕಪಾಟಿನಲ್ಲಿ ಕಪ್.
ಅದಕ್ಕೆ ಮೊದಲು ಆ ಕಪಾಟಿನಲ್ಲಿ ಏನಿತ್ತು ಹೇಳು?
ಚೆಂಡಿಗೆ ಗಾಳಿ ಹಾಕುವ ಪಂಪು.’

‘ಕಪ್ ಬಂತು, ಆಟ ಹೋಯಿತಲ್ಲ ಮಾರಾಯ!’
ಬೊನಿಫಾಸ್‌ನಿಗೆ ಕೂತು ಮಾತಾಡಿ ಅಭ್ಯಾಸವಿಲ್ಲ.
‘ಹತ್ತು ಜನ ಗೋಲಿನೆದುರು, ಸೊಸೈಟಿ ಅಕ್ಕಿಗೆ ನಿಂತ ಹಾಗೆ.
ಮೂರು ವರ್ಷ ಗಂಜಿ ಬಡಿಸಿದ,
ಜೊತೆಗೊಂದು ಮಾವಿನ ಮಿಡಿಯೂ ಇಲ್ಲ.’
ಖಾಲಿ ಲೋಟಗಳನ್ನು ನೆಲದಲ್ಲಿ ಸಾಲಾಗಿ ನಿಲ್ಲಿಸಿದ:
ಇದು ಡಿಫೆನ್ಸ್, ಇದೂ ಡಿಫೆನ್ಸ್, ಇದು ಫಾರ್ವರ್ಡ್, ಅಂದರೆ ಡಿಫೆನ್ಸ್.
ಎಲ್ಲರೂ ನಕ್ಕರು.
ಕಡಲ ಕಡೆಯಿಂದ ಗಾಳಿ ಬೀಸಿತು,
ಒಂದು ಲೋಟವೂ ಉರುಳಲಿಲ್ಲ.
‘ನೋಡಿದೆಯಾ,’ ಅಂದ ಮೋನಬ್ಬ.

ಸುವೈಲಿಮ್ ನಗಲಿಲ್ಲ.
ಹಾಯಿದೋಣಿ ಕಟ್ಟುವವರ ಮನೆತನ, ಬೆರಳುಗಳಿಗೆ ಉಗುರಿಗಿಂತ ಗಾಯ ಹೆಚ್ಚು.
ಹರಕು ಹಿಂದಿಯಲ್ಲಿ ಅಂದ:
‘ಫೈನಲ್ ದಿನ ನನ್ನ ಹೈಥಮ್ ಎಂಬತ್ತೊಂಬತ್ತು ನಿಮಿಷ ಬೆಂಚು.
ಒಂದು ನಿಮಿಷ ಮೈದಾನ.
ಚೆಂಡು ಮುಟ್ಟಲಿಲ್ಲ.’
ಹೈಥಮ್ ಈಗ ಗ್ಯಾಸ್ ಪ್ಲಾಂಟಿನ ಗೇಟಿನಲ್ಲಿ
ಒಳಹೋಗುವವರ ಕಾರ್ಡು ನೋಡುತ್ತಾನೆ.
ಅದನ್ನು ಯಾರೂ ಹೇಳಲಿಲ್ಲ.
ಮುಂದಿನ ವರ್ಷ ಸಾಲು ಸಾಲು ಏಳು ಸೋಲು, ಕೆಳಗಿನ ಡಿವಿಜನ್,
ರಾತ್ರೋರಾತ್ರಿ ಮಸ್ಕತ್ತಿಗೆ ಹೊರಟ ಟ್ಯಾಕ್ಸಿ:
ಅದು ಎಲ್ಲರಿಗೂ ಬಾಯಿಪಾಠ.

ನಾನು ಒಂದು ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ.
ಆಟದ ಹೊತ್ತೇ ದಿಶ್‌ದಾಶಾಗಳ ಹೊತ್ತು.
ನನಗೆ ಆ ಮನುಷ್ಯ ಗೊತ್ತಿರುವುದು ಅಂಗಿಗಳಿಂದ.
ಪಂದ್ಯದ ಹಿಂದಿನ ದಿನ ಒಂದು ಬಿಳಿ ಅಂಗಿ ತಂದು
ಕತ್ತಿನ ಸುತ್ತ ಬೆರಳು ಎಳೆದು ತೋರಿಸುವನು:
ಇಲ್ಲಿ ಗಂಜಿ ಹೆಚ್ಚು.
ನಮ್ಮಿಬ್ಬರ ನಡುವೆ ಇದ್ದದ್ದು ಅದೊಂದೇ ಭಾಷೆ.
ಟಿವಿಯಲ್ಲಿ ನೋಡಿದವರು ಕಲ್ಲು ಅನ್ನುತ್ತಿದ್ದರು,
ಗೋಲು ಬಿದ್ದರೂ ಕಲ್ಲು, ಹೊಡೆದರೂ ಕಲ್ಲು.
ಫೈನಲ್ ಮರುದಿನ ಬಂದ ಅಂಗಿಯ ಎಡಗೈ ಕಫ್
ಪೂರ್ತಿ ಹಲ್ಲಿನ ಗುರುತು.
ಎಂಬತ್ತೊಂಬತ್ತು ನಿಮಿಷ ಜಗಿದಿರಬೇಕು.
ಇದನ್ನು ನಾನು ಯಾರಿಗೂ ಹೇಳಿಲ್ಲ.
ಹೇಳಿದರೆ ಮೋನಬ್ಬ ಗೆಲ್ಲುತ್ತಾನೋ ಬೊನಿಫಾಸೋ,
ನನಗೆ ತಿಳಿಯದು.

ಆ ಅಂಗಿ ಇನ್ನೂ ಇಲ್ಲೇ ಇದೆ.
ಚೀಟಿ ಇನ್ನೂರ ಹದಿನಾಲ್ಕು, ಬಾಕಿ ಆರುನೂರು ಬೈಸ.

ಸುವೈಲಿಮ್ ಬಗ್ಗಿ ಒಳಬಂದ, ತನ್ನ ಬಟ್ಟೆ ಒಯ್ಯಲು.
ಹ್ಯಾಂಗರುಗಳ ಕೊನೆಯಲ್ಲಿ ಅವನ ಕಣ್ಣು ನಿಂತಿತು.
‘ಯಾರದು?’
‘ಗಿರಾಕಿ ಬರಲಿಲ್ಲ,’ ಅಂದೆ.
ಕಾಲರನ್ನು ಎರಡು ಬೆರಳಲ್ಲಿ ಹಿಡಿದ,
ಹಲಗೆಯ ಬಾಗು ನೋಡುವವನ ಹಾಗೆ.
ತೋಳು ಎತ್ತಿ ಕಫ್ ನೋಡಿದ.
ಬಹಳ ಹೊತ್ತು.
ನಾನು ಇಸ್ತ್ರಿಪೆಟ್ಟಿಗೆಯ ವಯರು ಸುತ್ತುತ್ತಾ ಇದ್ದೆ,
ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

‘ಹಳದಿಯಾಗಿದೆ,’ ಅಂದ. ‘ಇನ್ನೊಮ್ಮೆ ಒಗೆ.’

ಹೊರಗೆ ಮಾತು ಪೆನಾಲ್ಟಿಯವರೆಗೆ ಬಂದಿತ್ತು.
ಸುವೈಲಿಮ್ ಬಟ್ಟೆ ಹೆಗಲಿಗೆ ಹಾಕಿ, ಯಾರಿಗೂ ಸಲಾಮು ಹೇಳದೆ
ಬಂದರಿನ ಕಡೆ ನಡೆದ.

ಕೋಣೆಗೆ ಹೋಗಿ ಒಬ್ಬನಿಗಾಗುವಷ್ಟು ಅನ್ನ ಬಸಿದೆ.
ತಿಳಿಯನ್ನು ಚೆಲ್ಲಲಿಲ್ಲ.